ಜಾಮೀನು ಆಗಿದೆ ಅಂತ ಆಪ್ ಹೇಳತ್ತೆ, ಹುಡುಗ ಇನ್ನೂ ಒಳಗೇ ಇದಾನೆ: ಇ-ಕೋರ್ಟ್ಸ್ ಆಪ್, ಉಚಿತ ಕಾನೂನು ನೆರವಿನ ಫೋನ್ ನಂಬರ್ 15100, ಜೈಲು ಭೇಟಿ ಬುಕ್ ಮಾಡೋ ಇ-ಮುಲಾಕಾತ್ ರಿವ್ಯೂ, ಹಾಸನದಿಂದ

ಇ-ಕೋರ್ಟ್ಸ್ ಸರ್ವಿಸಸ್ ಆಪ್‌ಗೆ ನಾನು 5ಕ್ಕೆ 4 ಕೊಡ್ತೀನಿ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದು ಓದಿ ಇವ್ರಿಗೆ ಯಾವ್ದೂ ಸರಿ ಇಲ್ಲ ಅನ್ಸತ್ತೇನೋ ಅಂದ್ಕೊಳ್ಬೇಡಿ. ಹಾಸನದಲ್ಲಿ ಕೋರ್ಟ್ ಹತ್ರ ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ಅಂಗಡಿ ಇಟ್ಕೊಂಡಿದೀನಿ, ಬೆಳಗ್ಗೆಯಿಂದ ಸಂಜೆ ತನಕ ಜನ ಕೇಳೋದು ಎರಡೇ, ಪಹಣಿ ತೆಗೆದ್ಕೊಡಿ, ಇಲ್ಲಾಂದ್ರೆ ನಮ್ ಕೇಸ್ ಡೇಟ್ ಯಾವಾಗ ನೋಡಿ. ಈ ಆಪ್ ಬರೋಕ್ ಮುಂಚೆ ಸಕಲೇಶಪುರದ ಆಚೆಯಿಂದ, ಅರಸೀಕೆರೆಯಿಂದ ಬರಿ ಡೇಟ್ ತಿಳ್ಕೊಳೋಕೆ ಬಸ್ ಹತ್ತಿ ಬರ್ತಿದ್ರು, ಮಧ್ಯಾಹ್ನದ ತನಕ ಕೂತು ವಾಯ್ದೆ ಆಯ್ತು ಅನ್ನಿಸ್ಕೊಂಡು ವಾಪಸ್ ಹೋಗ್ತಿದ್ರು, ಒಂದು ದಿನದ ಕೂಲಿ ಹೋಯ್ತು. ಈಗ ಒಂದೊಂದು ಕೇಸಿಗೂ ಬೇರೆಬೇರೆ ಇರೋ, ಕೆಎ ಅಂತ ಶುರುವಾಗೋ ಆ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಒಂದಿದ್ರೆ ಸಾಕು, ಮುಂದಿನ ಡೇಟು, ಕೇಸ್ ಯಾವ ಹಂತದಲ್ಲಿದೆ, ಯಾವ ಕೋರ್ಟ್ ಹಾಲ್, ಆರ್ಡರ್ ಅಪ್‌ಲೋಡ್ ಆಗಿದ್ರೆ ಪಿಡಿಎಫ್, ಎಲ್ಲಾ ಸಿಗತ್ತೆ. ಕೀಪ್ಯಾಡ್ ಫೋನ್ ಇರೋರಿಗೂ ದಾರಿ ಇದೆ, ECOURTS ಅನ್ನೋ ಇಂಗ್ಲಿಷ್ ಪದ ಹಾಕಿ ಜಾಗ ಬಿಟ್ಟು ಸಿಎನ್‌ಆರ್ ನಂಬರ್ ಹಾಕಿ 9766899899ಗೆ ಮೆಸೇಜ್ ಕಳಿಸಿದ್ರೆ ಉತ್ತರ ಬರತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಒಂದು ಮಾರ್ಕ್ಸ್ ಕಟ್ ಮಾಡಿದ್ದು ಹೆಸರಲ್ಲಿ ಹುಡುಕೋ ಕಷ್ಟಕ್ಕೆ. ತಿಮ್ಮೇಗೌಡ ಅಂತ ಹುಡುಕ್ಬೇಕು ಅಂದ್ರೆ ಇಂಗ್ಲಿಷಲ್ಲಿ ಟಿ ಆದ್ಮೇಲೆ ಎಚ್ ಹಾಕಿದಾರೋ ಇಲ್ವೋ, ಎಂ ಒಂದೋ ಎರಡೋ, ಗೌಡ ಕೂಡ್ಸಿ ಬರೆದಿದಾರೋ ಬಿಡ್ಸಿ ಬರೆದಿದಾರೋ, ಎಫ್‌ಐಆರ್ ಬರೆದೋರು ಹೆಂಗೆ ಬರೆದ್ರೋ ಹಂಗೇ ಹೊಡೆದ್ರೆ ಮಾತ್ರ ಸಿಗೋದು. ಸಿಎನ್‌ಆರ್ ನಂಬರ್ ಕೊಡಿ ಅಂದ್ರೆ ಹಳ್ಳಿಯೋರಿಗೆ ಅದೇನು ಅಂತಾನೇ ಗೊತ್ತಿರಲ್ಲ, ಲಾಯರ್ ಹೇಳಿರಲ್ಲ.

ಸರಿ, ಇದೆಲ್ಲಾ ಯಾರ ದುಡ್ಡು ಅಂದ್ರೆ ನಮ್ದೇ. ಇ-ಕೋರ್ಟ್ಸ್ ಯೋಜನೆಯ ಮೊದಲನೇ ಹಂತಕ್ಕೆ 935 ಕೋಟಿ ಇಟ್ಟಿದ್ರು, ಎರಡನೇ ಹಂತಕ್ಕೆ 1670 ಕೋಟಿ, ಮೂರನೇ ಹಂತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 7210 ಕೋಟಿ, ನಾಲ್ಕು ವರ್ಷಕ್ಕೆ. ಅದ್ರಲ್ಲಿ ಹಳೇ ಕಡತ ಸ್ಕ್ಯಾನ್ ಮಾಡಿ ಡಿಜಿಟಲ್ ಮಾಡೋಕೇ 2038.40 ಕೋಟಿ, ಜನಕ್ಕೆ ಸಹಾಯ ಮಾಡೋ ಇ-ಸೇವಾ ಕೇಂದ್ರಗಳಿಗೆ 394.48 ಕೋಟಿ. ಇಷ್ಟು ದೊಡ್ಡ ಮೊತ್ತಕ್ಕೆ ಲೆಕ್ಕ ಕೇಳೋ ವ್ಯವಸ್ಥೆ ಪಾರ್ಲಿಮೆಂಟಲ್ಲಿ ಇದೆ, ಅದೂ ಒಂದು ಸೇವೇನೇ ಅನ್ನೋದು ನನ್ನ ಲೆಕ್ಕ, ಹಂಗಾಗಿ ಅದನ್ನೂ ಸೇರ್ಸಿ ರಿವ್ಯೂ ಬರೀತಿದೀನಿ.

ಅದು ಹೆಂಗೆ ನಡೆಯತ್ತೆ ಅಂದ್ರೆ, ಫೆಬ್ರವರಿಲಿ ಬಜೆಟ್ ಮಂಡಿಸಿದ ಮೇಲೆ ಸದನಕ್ಕೆ ಬಿಡುವು ಕೊಡ್ತಾರೆ, ಆ ಹೊತ್ತಲ್ಲಿ ಒಂದೊಂದು ಇಲಾಖೆಯ ಅನುದಾನ ಬೇಡಿಕೆನೂ, ಅಂದ್ರೆ ಈ ವರ್ಷ ನಮಗೆ ಇಷ್ಟು ದುಡ್ಡು ಬೇಕು ಅನ್ನೋ ಪಟ್ಟಿ, ಸಂಸದರ ಸ್ಥಾಯಿ ಸಮಿತಿ ಮುಂದೆ ಹೋಗತ್ತೆ. ಇಂಥಾ 24 ಸಮಿತಿ ಇದಾವೆ, ಒಂದೊಂದ್ರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಕೋರ್ಟು, ಕಾನೂನು ನೆರವು ನೋಡ್ಕೊಳೋ ನ್ಯಾಯ ಇಲಾಖೆ ಒಂದು ಸಮಿತಿಗೆ ಬರತ್ತೆ, ಜೈಲಿಗೆ ಕೇಂದ್ರ ಕೊಡೋ ದುಡ್ಡು ಗೃಹ ವ್ಯವಹಾರಗಳ ಸಮಿತಿಗೆ ಬರತ್ತೆ. ಕಾರ್ಯದರ್ಶಿಗಳನ್ನ ಕರೆಸಿ ಕೂರ್ಸಿ ಕೇಳ್ತಾರೆ, ಹೋದ ವರ್ಷ ಇಷ್ಟು ಕೊಟ್ವಲ್ಲ ಎಷ್ಟು ಖರ್ಚಾಯ್ತು, ಉಳಿದಿದ್ದು ಯಾಕೆ ಉಳೀತು ಅಂತ. ವರದಿ ಕೊಟ್ಟ ಮೇಲೆ ಮೂರು ತಿಂಗಳೊಳಗೆ ಏನು ಕ್ರಮ ತಗೊಂಡ್ವಿ ಅಂತ ಇಲಾಖೆ ಉತ್ತರ ಕೊಡ್ಬೇಕು. ಆಮೇಲೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ಆಡಿಟ್ ಬೇರೆ ಇದೆ, ಅದನ್ನ ನೋಡೋಕೆ 22 ಜನರ ಪಬ್ಲಿಕ್ ಅಕೌಂಟ್ಸ್ ಕಮಿಟಿ, 1967ರಿಂದ ಅದಕ್ಕೆ ವಿರೋಧ ಪಕ್ಷದೋರೇ ಅಧ್ಯಕ್ಷರು. ಓದೋಕೆ ಎಷ್ಟು ಚೆನ್ನಾಗಿದೆ ನೋಡಿ, ನಿಜವಾಗ್ಲೂ ಚೆನ್ನಾಗೇ ಇದೆ, ಯಾಕಂದ್ರೆ ಸದನದಲ್ಲಿ ಎಲ್ಲಾ ಇಲಾಖೆ ಬೇಡಿಕೆ ಚರ್ಚೆ ಆಗೋದೇ ಇಲ್ಲ, ಒಂದಷ್ಟು ಮಾತ್ರ ಚರ್ಚೆ ಆಗಿ ಮಿಕ್ಕಿದ್ದೆಲ್ಲಾ ಗಿಲೋಟಿನ್ ಅಂತ ಒಂದೇ ಸಲಕ್ಕೆ ಮತಕ್ಕೆ ಹಾಕಿ ಪಾಸ್ ಮಾಡ್ತಾರೆ. ಸಮಿತಿ ಇಲ್ದೇ ಹೋಗಿದ್ರೆ ಕೋರ್ಟ್ ಜೈಲಿನ ದುಡ್ಡನ್ನ ಒಂದೊಂದು ಸಾಲಾಗಿ ಓದೋರೇ ಇರ್ತಿರ್ಲಿಲ್ಲ.

ಆದ್ರೆ ಆ ಪ್ರಶ್ನೆ ಎಲ್ಲಿ ನಿಲ್ಲತ್ತೆ ಅನ್ನೋದು ನನಗೆ ಅಂಗಡಿಲಿ ಕೂತು ಗೊತ್ತಾಗಿದ್ದು.

ಅರಕಲಗೂಡು ಕಡೆಯ ಒಬ್ರು ಅಮ್ಮ, ವಯಸ್ಸಾಗಿದೆ, ಹೊಗೆಸೊಪ್ಪಿನ ಬ್ಯಾರನ್ ಕೆಲಸಕ್ಕೆ ಹೋಗೋರು. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಇಲ್ಲ, ಹಂಗಾಗಿ ಆಗಾಗ ಬಂದು ಬಂದು ಹೋಗೋಕಾದ್ರೂ ಆಗ್ತಿತ್ತು. ಮಗ ಒಂದು ಕಳ್ಳತನದ ಕೇಸಲ್ಲಿ ಒಳಗೆ. "ಮಗಾ, ಬೇಲ್ ಆಗದೆ ಅಂದ್ರು, ಇನ್ನೂ ಬುಟ್ಟಿಲ್ವಲ್ಲ, ಒಸಿ ನೋಡು" ಅಂತ ಚೀಟಿ ಕೊಟ್ರು. ಆಪಲ್ಲಿ ಹಾಕ್ದೆ. ಕ್ರಿಮಿನಲ್ ಮಿಸಲೇನಿಯಸ್ ನಂಬರ್, ಬೇಲ್ ಅರ್ಜಿ, ಸ್ಟೇಟಸ್ ಡಿಸ್ಪೋಸ್ಡ್. ಅಂದ್ರೆ ಅರ್ಜಿ ತೀರ್ಮಾನ ಆಗಿದೆ, ಆ ಫೈಲ್ ಮುಗೀತು. ಕೋರ್ಟ್ ಲೆಕ್ಕದಲ್ಲಿ ಒಂದು ಕೇಸ್ ವಿಲೇವಾರಿ ಆಯ್ತು, ದೇಶದ ಎಲ್ಲಾ ಕೋರ್ಟಿನ ಅಂಕಿಅಂಶ ತೋರ್ಸೋ ನ್ಯಾಷನಲ್ ಜುಡಿಷಿಯಲ್ ಡೇಟಾ ಗ್ರಿಡ್ಡಲ್ಲೂ ಅದು ವಿಲೇವಾರಿ ಲೆಕ್ಕಕ್ಕೇ ಹೋಗೋದು. ಹುಡುಗ ಮಾತ್ರ ಒಳಗೇ ಇದಾನೆ. ಆರ್ಡರ್ ಡೌನ್‌ಲೋಡ್ ಮಾಡಿ ಓದಿದ್ರೆ 50,000 ಬಾಂಡು, ಜಾಮೀನು ಮಂಜೂರು, ಆದ್ರೆ ಅಷ್ಟೇ ಮೊತ್ತಕ್ಕೆ ಒಬ್ರು ಶ್ಯೂರಿಟಿ, ಅಂದ್ರೆ ಹುಡುಗನ ಪರ ಹೊಣೆ ನಿಲ್ಲೋರು, ಬೇಕು.

ಶ್ಯೂರಿಟಿ ಅಂದ್ರೆ ನಮ್ ಕಡೆ ಏನು ಕೇಳ್ತಾರೆ ಗೊತ್ತಲ್ಲ, ಪಹಣಿ ಬೇಕು, ಶ್ಯೂರಿಟಿ ನಿಲ್ಲೋರ ಹೆಸರಲ್ಲೇ ಇರ್ಬೇಕು, ಆಧಾರ್ ಬೇಕು, ಫೋಟೋ ಬೇಕು, ಅವ್ರೇ ಕೋರ್ಟಿಗೆ ಬಂದು ನಿಂತು ನನಗೆ ಈ ಆಸಾಮಿ ಗೊತ್ತು ಅಂತ ಹೇಳ್ಬೇಕು. ಆಯಮ್ಮನ ಮೈದುನ ಬರೋಕೆ ತಯಾರಿದ್ರು. ಸರ್ವೆ ನಂಬರ್ ಹಾಕಿ ಪಹಣಿ ತೆಗೆದೆ, ಒಂದು ಎಕರೆ ಚಿಲ್ಲರೆ ಜಮೀನು ಇದೆ, ಉಳುಮೆ ಮಾಡ್ತಿರೋದು ಮೈದುನಾನೇ, ಆದ್ರೆ ಮಾಲೀಕರ ಹೆಸರಿರೋ ಕಾಲಂ 9ರಲ್ಲಿ ಇನ್ನೂ ಅವರಪ್ಪನ ಹೆಸರು. ತೀರ್ಕೊಂಡು ಎಷ್ಟೋ ವರ್ಷ ಆಗಿದೆ. ತೀರ್ಕೊಂಡೋರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡೋ ಪೌತಿ ಖಾತೆ ಮಾಡ್ಸಿಲ್ಲ, ಯಾಕಂದ್ರೆ ಅಣ್ಣತಮ್ಮಂದಿರ ಭಾಗ ಆಗಿಲ್ಲ, ವಂಶವೃಕ್ಷ ತಗೊಳ್ಬೇಕು, ಹೆಣ್ಮಕ್ಕಳ ಸಹಿ ಹಾಕಿಸ್ಬೇಕು, ಒಬ್ಬರು ಬೆಂಗಳೂರು ಒಬ್ಬರು ಕುಶಾಲನಗರ. ಸತ್ತೋರು ಶ್ಯೂರಿಟಿ ನಿಲ್ಲೋಕಾಗಲ್ಲ, ಬದುಕಿರೋರ ಹೆಸರಲ್ಲಿ ಜಮೀನಿಲ್ಲ. ಹಾಸನ ಜಿಲ್ಲೆಲಿ ಇಂಥಾ ಪಹಣಿ ಎಷ್ಟಿರ್ಬಹುದು ಅಂತ ಪಹಣಿ ತೆಗೆಯೋ ಯಾರನ್ನ ಬೇಕಾದ್ರೂ ಕೇಳಿ. ಇನ್ನು ಕಾಫಿ ತೋಟಕ್ಕೆ ಅಸ್ಸಾಂ ಕಡೆಯಿಂದ ಬಂದಿರೋ ಹುಡುಗ್ರು ಒಂದು ಹೊಡೆದಾಟದಲ್ಲಿ ಸಿಕ್ಕಾಕೊಂಡ್ರೆ ಅವ್ರಿಗೆ ಇಲ್ಲಿ ಪಹಣಿ ಇರೋ ನೆಂಟರು ಎಲ್ಲಿಂದ ಬರ್ಬೇಕು. ಆಗ ದುಡ್ಡಿಗೆ ಶ್ಯೂರಿಟಿ ನಿಲ್ಲೋ ಮಧ್ಯವರ್ತಿಗಳು ಹತ್ರ ಬರ್ತಾರೆ, ದಯವಿಟ್ಟು ಅದಕ್ಕೆ ಕೈ ಹಾಕ್ಬೇಡಿ, ಸುಳ್ಳು ದಾಖಲೆ ಸಿಕ್ಕಿದ್ರೆ ಇನ್ನೊಂದು ಕೇಸ್.

ಈಗ ದೆಹಲಿಗೆ ಬನ್ನಿ. ಇಂಥೋರಿಗೋಸ್ಕರನೇ 2023ರ ಬಜೆಟ್ ಭಾಷಣದಲ್ಲಿ ಒಂದು ಯೋಜನೆ ಹೇಳಿದ್ರು, ಬಡ ಕೈದಿಗಳಿಗೆ ನೆರವು, ವರ್ಷಕ್ಕೆ 20 ಕೋಟಿ. ಅವಾಗ ಬಂದ ಮಾರ್ಗಸೂಚಿ ಪ್ರಕಾರ ವಿಚಾರಣಾಧೀನ ಕೈದಿಗೆ ಜಾಮೀನಿಗೆ 40,000 ತನಕ, ಶಿಕ್ಷೆ ಆಗಿ ದಂಡ ಕಟ್ಟೋಕಾಗ್ದೇ ಒಳಗಿರೋರಿಗೆ 25,000 ತನಕ ಸರ್ಕಾರನೇ ಕಟ್ಟತ್ತೆ ಅಂತಿತ್ತು. ಜಾಮೀನು ಆರ್ಡರ್ ಆಗಿ 7 ದಿನದೊಳಗೆ ಬಿಡುಗಡೆ ಆಗ್ಲಿಲ್ಲ ಅಂದ್ರೆ ಜೈಲಿನೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸ್ಬೇಕು, ಅವರು ಬಡತನ ಇದೆಯಾ ಅಂತ ವಿಚಾರ್ಸಿ ಜಿಲ್ಲಾಧಿಕಾರಿ, ಎಸ್‌ಪಿ, ಜೈಲು ಅಧಿಕಾರಿ, ಒಬ್ಬರು ನ್ಯಾಯಾಧೀಶರು ಇರೋ ಸಮಿತಿ ಮುಂದೆ ಇಡ್ಬೇಕು, ಸಮಿತಿ ಒಪ್ಪಿದ್ರೆ ದುಡ್ಡು ಕೋರ್ಟಲ್ಲಿ ಡಿಪಾಸಿಟ್ ಆಗತ್ತೆ. ಡ್ರಗ್ಸ್, ಭ್ರಷ್ಟಾಚಾರ, ಮನಿ ಲಾಂಡ್ರಿಂಗ್, ಭಯೋತ್ಪಾದನೆ ತಡೆಯೋ ಕಾನೂನು ಯುಎಪಿಎ, ಈ ಕೇಸುಗಳಿಗೆ ಇದು ಇಲ್ಲ. ಒಳ್ಳೇ ಯೋಜನೆ, ಬರೆದೋರಿಗೆ ಜೈಲಿನ ಕಷ್ಟ ಗೊತ್ತಿದೆ ಅಂತ ಓದಿದ್ರೆ ಗೊತ್ತಾಗತ್ತೆ. ಆದ್ರೆ ಆ 20 ಕೋಟಿ ತಗೊಳೋಕೇ ಬಹಳ ರಾಜ್ಯಗಳು ಮುಂದೆ ಬರ್ಲಿಲ್ಲ, ಕೇಂದ್ರ ಗೃಹ ಇಲಾಖೆ ಬಳಸ್ಕೊಳ್ಳಿ ಬಳಸ್ಕೊಳ್ಳಿ ಅಂತ ರಾಜ್ಯಗಳಿಗೆ ಪತ್ರ ಬರೀಬೇಕಾಯ್ತು.

ಯಾಕೆ ಖರ್ಚಾಗ್ಲಿಲ್ಲ? ಇಲ್ಲೇ ನನ್ನ ತಕರಾರು ಇರೋದು. ಖರ್ಚಾಗದ ದುಡ್ಡು ಕಂಡ್ರೆ ಲೆಕ್ಕ ನೋಡೋರಿಗೆ ಎರಡು ಕಾರಣ ಕಾಣತ್ತೆ, ಒಂದು ರಾಜ್ಯದೋರು ಖಾತೆ ತೆರೆದಿಲ್ಲ, ಸಮಿತಿ ಮಾಡಿಲ್ಲ, ಇನ್ನೊಂದು ಬೇಡಿಕೆನೇ ಇಲ್ಲ, ಹಂಗಾದ್ರೆ ಮುಂದಿನ ಸಲ ಕಮ್ಮಿ ಇಡಿ. ಆದ್ರೆ ಕೋರ್ಟ್ ಆರ್ಡರಲ್ಲಿ ಕೇಳಿರೋದು ದುಡ್ಡು ಇಟ್ಟು ಹೋಗಿ ಅಂತ ಅಲ್ವಲ್ಲ, ಪಹಣಿ ಇರೋ ಮನುಷ್ಯನ್ನ ಕರ್ಕೊಂಬನ್ನಿ ಅಂತ. 40,000 ಸರ್ಕಾರ ಕೊಡ್ತೀನಿ ಅಂದ್ರೂ ಆ ಷರತ್ತು ನಗದು ಭದ್ರತೆ ಅಂತ ಬದಲಾಗದೇ ಆ ದುಡ್ಡು ಎಲ್ಲಿ ಕಟ್ಟೋದು. ಅಂದ್ರೆ ಮೊದಲು ಒಬ್ಬ ಲಾಯರ್ ಅರ್ಜಿ ಹಾಕಿ ಷರತ್ತು ಸಡಿಲ ಮಾಡ್ಸ್ಬೇಕು, ಆಮೇಲೆ ಯೋಜನೆ ದುಡ್ಡು ಕೆಲಸಕ್ಕೆ ಬರತ್ತೆ. ಆ ಮಧ್ಯದ ಮೆಟ್ಟಿಲು ಯಾರ ಬಜೆಟ್ ತಲೆಬರಹದಲ್ಲೂ ಇಲ್ಲ, ಹಂಗಾಗಿ ಯಾವ ಸಮಿತಿ ಕಣ್ಣಿಗೂ ಸುಲಭಕ್ಕೆ ಬೀಳಲ್ಲ.

ಗೃಹ ವ್ಯವಹಾರಗಳ ಸಮಿತಿ ಜೈಲಿನ ಬಗ್ಗೆ ತಲೆ ಕೆಡಿಸ್ಕೊಂಡಿಲ್ಲ ಅಂತ ಹೇಳಿದ್ರೆ ಅದು ಅನ್ಯಾಯ. 2023ರ ಸೆಪ್ಟೆಂಬರಲ್ಲಿ ಜೈಲುಗಳ ಸ್ಥಿತಿಗತಿ, ಸೌಕರ್ಯ, ಸುಧಾರಣೆ ಬಗ್ಗೆನೇ 245ನೇ ವರದಿ ಅಂತ ಕೊಟ್ಟಿದೆ, ಆಗ ಸಮಿತಿ ಅಧ್ಯಕ್ಷರಾಗಿದ್ದೋರು ಬ್ರಿಜ್ ಲಾಲ್, ಅವ್ರೇ ಹಿಂದೆ ಉತ್ತರ ಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿದ್ದೋರು. ಜಾಮೀನು ಆದ್ರೂ ದುಡ್ಡಿಲ್ದೇ ಒಳಗೇ ಉಳಿದೋರ ವಿಷಯ, ಜೈಲು ತುಂಬಿ ತುಳುಕೋ ವಿಷಯ ಎಲ್ಲಾ ಅದ್ರಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಎನ್‌ಸಿಆರ್‌ಬಿಯ 2022ರ ಜೈಲು ಅಂಕಿಅಂಶ ನೋಡಿ, ದೇಶದ ಜೈಲುಗಳಲ್ಲಿ ಜಾಗ ಇರೋದು 4,36,266 ಜನಕ್ಕೆ, ಇದ್ದಿದ್ದು 5,73,220 ಜನ, ಅದ್ರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ 75.8. ಇನ್ನೂ ತಪ್ಪಿತಸ್ಥರು ಅಂತ ತೀರ್ಪೇ ಆಗದೋರ ಸಂಖ್ಯೆ ಒಂದೇ ಹೆಚ್ಚುಕಮ್ಮಿ ಇಡೀ ದೇಶದ ಜೈಲುಗಳ ಜಾಗಕ್ಕೆ ಸಮ. ಈ ಪೈಕಿ ಜಾಮೀನು ಆರ್ಡರ್ ಕೈಲಿ ಇಟ್ಕೊಂಡು ಒಳಗಿರೋರು ಎಷ್ಟು ಅನ್ನೋದನ್ನ ಪ್ರತಿ ಮಾರ್ಚಲ್ಲೂ, ಜಿಲ್ಲೆವಾರು, ಅನುದಾನದ ಲೆಕ್ಕದ ಪಕ್ಕದಲ್ಲೇ ಇಟ್ಟು ಕೇಳ್ಬೇಕು ಅನ್ನೋದು ನನ್ನ ಆಸೆ. ಎಷ್ಟು ಕೋಟಿ ಖರ್ಚಾಯ್ತು ಅನ್ನೋ ಕಾಲಂ ಪಕ್ಕ, 7 ದಿನದೊಳಗೆ ಎಷ್ಟು ಜನ ಗೇಟ್ ದಾಟಿದ್ರು ಅನ್ನೋ ಕಾಲಂ.

ಈ ಮಾಹಿತಿ ಕೂಡ್ಸೋದು ಕಷ್ಟನೂ ಅಲ್ಲ. ಸುಪ್ರೀಂ ಕೋರ್ಟ್ 2023ರ ಜನವರಿ 31ಕ್ಕೆ ಆದೇಶ ಮಾಡಿದೆ, ಜಾಮೀನು ಆರ್ಡರಿನ ಕಾಪಿ ಅವತ್ತೋ ಮಾರನೇ ದಿನವೋ ಜೈಲಿಗೆ ಈಮೇಲ್ ಹೋಗ್ಬೇಕು, ಜೈಲಿನೋರು ಅದನ್ನ ಇ-ಪ್ರಿಸನ್ಸ್ ಸಾಫ್ಟ್‌ವೇರಿಗೆ ಹಾಕ್ಬೇಕು, 7 ದಿನದಲ್ಲಿ ಬಿಡುಗಡೆ ಆಗ್ಲಿಲ್ಲ ಅಂದ್ರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಒಂದು ತಿಂಗಳಲ್ಲೂ ಬಾಂಡ್ ಕೊಡೋಕಾಗ್ಲಿಲ್ಲ ಅಂದ್ರೆ ಕೋರ್ಟ್ ತಾನಾಗೇ ಷರತ್ತು ಸಡಿಲ ಮಾಡ್ಬಹುದಾ ನೋಡ್ಬಹುದು, ಸ್ಥಳೀಯ ಶ್ಯೂರಿಟಿನೇ ಬೇಕು ಅನ್ನೋದು ಬಿಡುಗಡೆ ತಡ ಆಗೋಕೆ ಒಂದು ಕಾರಣ ಅಂತಾನೂ ಹೇಳಿದೆ. ಅಂದ್ರೆ ಕಂಪ್ಯೂಟರಲ್ಲಿ ಆರ್ಡರ್ ತಾರೀಖೂ ಇರತ್ತೆ, ಬಿಡುಗಡೆ ತಾರೀಖೂ ಇರತ್ತೆ. ಇದೇನು ಹೊಸ ಮಾತಲ್ಲ, 1978ರಲ್ಲೇ ಮೋತಿರಾಮ್ ಕೇಸಲ್ಲಿ ಗಾರೆ ಕೆಲಸದ ಒಬ್ಬ ಬಡವನಿಗೆ 10,000ದ ಶ್ಯೂರಿಟಿ ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಲಿದೆ ಅಂತ ಅದನ್ನೂ ಒಪ್ಪದೇ ಇದ್ದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದು ಸರಿ ಅಲ್ಲ ಅಂತ ತೀರ್ಪು ಕೊಟ್ಟಿದ್ರು. ಅಲ್ಲಿಂದ ಇಲ್ಲಿ ತನಕ ಕೋರ್ಟಿನ ಕಂಪ್ಯೂಟರು ಎಷ್ಟು ಮುಂದೆ ಹೋಗಿದೆ, ಶ್ಯೂರಿಟಿ ವಿಷಯ ಅಲ್ಲೇ ಕೂತಿದೆ ಅಂದ್ರೆ ಹೊಟ್ಟೆ ಉರಿಯತ್ತೆ.

ಇನ್ನು ಉಚಿತ ಕಾನೂನು ನೆರವು, 15100. ಇದಕ್ಕೂ 5ಕ್ಕೆ 4, ಸಿಕ್ಕಿದ ಲಾಯರ್‌ಗೆ ಮಾತ್ರ ಆದ್ರೆ 5ಕ್ಕೆ 5. ಆಯಮ್ಮನ ಹತ್ರ ಆಗ್ಲೇ ಒಬ್ಬ ಮಧ್ಯವರ್ತಿ ದುಡ್ಡು ಕಿತ್ತಿದ್ದ, ಉಚಿತ ಲಾಯರ್ ಅಂದ್ರೆ ಅವರು ನಮ್ ಕೇಸ್ ನೋಡ್ತಾರಾ ಅಂತ ಭಯ. ಕಾಲ್ ಮಾಡಿ ಸ್ಪೀಕರಿಗೆ ಹಾಕಿ ಮಾತಾಡಿಸ್ದೆ, ಎಲ್ಲಿಗೆ ಹೋಗ್ಬೇಕು ಅಂತ ಸರಿಯಾಗಿ ಹೇಳಿದ್ರು. 2022ರಿಂದ ಇದ್ರಲ್ಲಿ ಒಂದು ಬದಲಾವಣೆ ಆಗಿದೆ, ಕ್ರಿಮಿನಲ್ ಕೇಸಿಗೆ ಪೂರ್ಣಾವಧಿ ಡಿಫೆನ್ಸ್ ಕೌನ್ಸೆಲ್ ಅಂತಾನೇ ಇಟ್ಟಿದಾರೆ, ಮುಖ್ಯ, ಉಪ, ಸಹಾಯಕ ಅಂತ, ಬೇರೆ ಪ್ರೈವೇಟ್ ಕೇಸ್ ತಗೊಳಂಗಿಲ್ಲ. ಇದಕ್ಕೆ 2023-24ರಿಂದ ಮೂರು ವರ್ಷಕ್ಕೆ 998.43 ಕೋಟಿ ಇಟ್ಟಿದ್ರು, ನ್ಯಾಯ ಇಲಾಖೆ ಬೇಡಿಕೆಲಿ ಸಮಿತಿ ನೋಡೋ ಲೆಕ್ಕ ಇದು, ನನ್ನ ಕೇಳಿದ್ರೆ ಆ ಇಲಾಖೆ ಖರ್ಚಲ್ಲೆಲ್ಲಾ ಅತಿ ಸಾರ್ಥಕ ಇದೇನೇ. ಸಿಕ್ಕಿದ್ದು ಒಬ್ಬ ಹೆಣ್ಮಗಳು ಲಾಯರ್. ಪಹಣಿ ನೋಡಿದ ತಕ್ಷಣ, ಅಮ್ಮ ಇದನ್ನ ಹಿಡ್ಕೊಂಡು ಓಡಾಡ್ಬೇಡಿ, ಇದು ಆಗಲ್ಲ, ಷರತ್ತು ಬದಲಾಯ್ಸಿ ಅಂತ ಅರ್ಜಿ ಹಾಕ್ತೀನಿ ಅಂದ್ರು. ಹಾಕಿದ್ರು, ಮೊತ್ತ ಇಳಿಸಿ ನಗದು ಭದ್ರತೆಗೆ ಒಪ್ಪಿಗೆ ಆಯ್ತು, ಆಯಮ್ಮ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಕಟ್ಟಿದ್ರು, ಹುಡುಗ ಬಂದ. ಅಷ್ಟು ದಿನ ಕೋರ್ಟು ಜೈಲು ಅಂತ ಅಲೆದ್ರೂ ಬಡ ಕೈದಿಗಳ ಯೋಜನೆ ಅಂತ ಒಂದಿದೆ ಅಂತ ಆಯಮ್ಮನಿಗೆ ಯಾರೂ ಬಾಯಿಬಿಟ್ಟು ಹೇಳಿರ್ಲಿಲ್ಲ. ಸರ್ಕಾರದ ಪುಸ್ತಕದಲ್ಲಿ ದುಡ್ಡು ಹಂಗೇ ಇತ್ತು, ಇವ್ರು ಬಡ್ಡಿ ಕಟ್ತಿದಾರೆ.

ಇ-ಮುಲಾಕಾತ್‌ಗೆ 5ಕ್ಕೆ 2. ಐಡಿಯಾ ಬಹಳ ಒಳ್ಳೇದು, ನ್ಯಾಷನಲ್ ಪ್ರಿಸನ್ಸ್ ಪೋರ್ಟಲಲ್ಲಿ ನೋಡೋಕೆ ಹೋಗೋರ ವಿವರ, ಕೈದಿ ವಿವರ ಹಾಕಿ ಓಟಿಪಿ ಕೊಟ್ರೆ ನೇರ ಭೇಟಿಗೋ ವಿಡಿಯೋ ಭೇಟಿಗೋ ಬುಕ್ ಆಗ್ಬೇಕು. ಮಲೆನಾಡಿನ ಮೂಲೆಯಿಂದ ಜೈಲಿಗೆ ಬರೋಕಾಗದ ವಯಸ್ಸಾದೋರಿಗೆ ಇದಕ್ಕಿಂತ ಉಪಕಾರ ಇನ್ನೊಂದಿಲ್ಲ. ಆದ್ರೆ ಪೂರ್ತಿ ಫಾರ್ಮ್ ತುಂಬಿದ ಮೇಲೆ ಓಟಿಪಿ ಬರಲ್ಲ, ಬಂದ್ರೆ ಅಷ್ಟೊತ್ತಿಗೆ ಪೇಜ್ ಹೋಗಿರತ್ತೆ, ಅಪ್ಪನ ಹೆಸರು ಜೈಲಿನ ದಾಖಲೆಲಿ ಬೇರೆ ಥರ ಇದ್ರೆ ಮುಂದಕ್ಕೇ ಹೋಗಲ್ಲ. ಫೋನಲ್ಲಿ ಟೈಪ್ ಮಾಡೋಕೆ ಬಾರದ ತಾಯಂದಿರು ಇದನ್ನ ಒಬ್ಬರೇ ಮಾಡೋದು ಸಾಧ್ಯ ಇಲ್ಲ.

ಒಂದು ಗೊಂದಲ ಬಹಳ ಜನಕ್ಕಿದೆ, ಜೈಲು ಸರಿ ಇಲ್ಲ ಅಂದ್ರೆ ಯಾರನ್ನ ಕೇಳ್ಬೇಕು, ಎಂಪಿನಾ ಎಂಎಲ್‌ಎನಾ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯದ ಪಟ್ಟೀಲಿದೆ. ಊಟ, ಸಿಬ್ಬಂದಿ ಸಂಬಳ, ಕಟ್ಟಡ ರಿಪೇರಿ ಎಲ್ಲಾ ರಾಜ್ಯದ ಬಜೆಟ್, ಅದರ ಆಡಿಟ್ ನೋಡೋದು ನಮ್ಮ ವಿಧಾನಮಂಡಲದ ಲೆಕ್ಕಪತ್ರ ಸಮಿತಿ, ಹಂಗಾಗಿ ಅದಕ್ಕೆ ಎಂಎಲ್‌ಎ. ಪಾರ್ಲಿಮೆಂಟ್ ನೋಡೋದು ಕೇಂದ್ರದಿಂದ ಬರೋ ದುಡ್ಡು, ಮೇಲೆ ಹೇಳಿದ 20 ಕೋಟಿ, ಜೈಲು ಆಧುನೀಕರಣಕ್ಕೆ 2021ರಿಂದ 2026ಕ್ಕೆ ಅಂತ ಇಟ್ಟ 950 ಕೋಟಿ, ಇ-ಕೋರ್ಟ್ಸ್, ಕಾನೂನು ನೆರವು, ಇದಕ್ಕೆಲ್ಲಾ ಎಂಪಿ. ರಾಜ್ಯಗಳ ಪೊಲೀಸ್, ಕೋರ್ಟ್, ಜೈಲು, ಕಾನೂನು ನೆರವಿಗೆ ಮಾರ್ಕ್ಸ್ ಕೊಡೋ ಇಂಡಿಯಾ ಜಸ್ಟೀಸ್ ರಿಪೋರ್ಟ್ 2025ರಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕನೇ ಮೊದಲನೇ ಸ್ಥಾನ, ಅದರ ಹಿಂದಿನ ವರದಿಲೂ ನಾವೇ ಮೊದಲು, ಅದು ನನಗೆ ಹೆಮ್ಮೇನೇ. ಮೊದಲನೇ ಸ್ಥಾನದಲ್ಲಿರೋ ರಾಜ್ಯದಲ್ಲೇ ಪೌತಿ ಖಾತೆ ಆಗಿಲ್ಲ ಅಂತ ಒಬ್ಬ ಹುಡುಗ ಒಳಗೆ ಉಳಿದ ಅಂದ್ರೆ ಕೊನೇಲಿರೋ ರಾಜ್ಯಗಳಲ್ಲಿ ಹೆಂಗಿರ್ಬೇಡ.

ಸಮಿತಿ ವರದಿಗಳಿಗೆ 5ಕ್ಕೆ 3. ಕೆಲಸಕ್ಕೆ ಪೂರ್ತಿ ಗೌರವ ಇದೆ, ಅಲ್ಲಿ ಪಕ್ಷ ಬಿಟ್ಟು ಕೂತು ಕಾಗದ ಓದೋರು ಇದಾರೆ. ಮಾರ್ಕ್ಸ್ ಹೋಗಿದ್ದು ಒಂದು, ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯತ್ತೆ, ಟಿವೀಲಿ ತೋರ್ಸಲ್ಲ. ಇನ್ನೊಂದು, ವರದಿ ಇಂಗ್ಲಿಷು ಹಿಂದೀಲಿ ಮಾತ್ರ, ಸಂಸದ್ ವೆಬ್‌ಸೈಟಲ್ಲಿ ಪಿಡಿಎಫ್ ಸಿಗತ್ತೆ, ಕನ್ನಡದಲ್ಲಿ ಇಲ್ಲ. ಕನ್ನಡದಲ್ಲಿ ನಾಲ್ಕು ಪುಟದ ಸಾರಾಂಶ ಹಾಕೋಕೆ ಎಷ್ಟು ಖರ್ಚಾಗತ್ತೆ, 7210 ಕೋಟಿಲಿ ಅದು ಲೆಕ್ಕಕ್ಕೇ ಬರಲ್ಲ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಎಂಪಿಗಳ ಕಚೇರಿಗೆ ಈ ವಿಷಯಕ್ಕೆ ಪತ್ರ ಬರೆದಿದೀನಿ, ನೀವೂ ಬರೀರಿ, ಜಾಸ್ತಿ ಬೇಡ, ನಿಮ್ಮ ಕ್ಷೇತ್ರದ ಜೈಲಲ್ಲಿ ಜಾಮೀನಾಗಿ 7 ದಿನ ದಾಟಿದೋರು ಎಷ್ಟು, ಬಡ ಕೈದಿಗಳ ಯೋಜನೆಲಿ ಈ ಜಿಲ್ಲೇಲಿ ಎಷ್ಟು ಜನಕ್ಕೆ ದುಡ್ಡು ಕೊಟ್ರು ಅಂತ ಸದನದಲ್ಲಿ ಕೇಳಿ ಅಂತ ಅಷ್ಟೇ.

ನಿಮ್ಮ ಮನೆಯೋರು ಯಾರಾದ್ರೂ ಇದೇ ಪರಿಸ್ಥಿತೀಲಿದ್ರೆ: ಬೇಲ್ ಆರ್ಡರಿನ ಪಿಡಿಎಫ್ ಆಪಿಂದ ತೆಗೆಸ್ಕೊಳ್ಳಿ, ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ ಇದ್ರೆ ಜೊತೆಗಿಟ್ಕೊಳ್ಳಿ, ಕಸ್ಟಡಿಲಿರೋರಿಗೆ ಕಾನೂನು ನೆರವು ಸಿಗೋಕೆ ಆದಾಯದ ಮಿತಿ ಇಲ್ಲ, ಹೆಂಗಸರಿಗೂ ಎಸ್‌ಸಿ ಎಸ್‌ಟಿ ಅವ್ರಿಗೂ ಇಲ್ಲ, ಆದ್ರೆ ಬಡ ಕೈದಿಗಳ ಯೋಜನೆಗೆ ಬಡತನದ ದಾಖಲೆ ಬೇಕಾಗತ್ತೆ. ಪಹಣಿ ಅಪ್ಪಂದೋ ತಾತಂದೋ ಹೆಸರಲ್ಲಿದ್ರೆ ಶ್ಯೂರಿಟಿ ಹುಡುಕ್ಕೊಂಡು ಊರೂರು ಅಲೀಬೇಡಿ, ನೇರ 15100ಗೆ ಮಾಡಿ, ಷರತ್ತು ಸಡಿಲ ಮಾಡೋ ಅರ್ಜಿ ಹಾಕ್ಬೇಕು ಅಂತ ಬಾಯಿಬಿಟ್ಟು ಕೇಳಿ, ಬಡ ಕೈದಿಗಳ ನೆರವು ಯೋಜನೆಗೆ ಹೆಸರು ಕಳಿಸಿ ಅಂತಾನೂ ಅದೇ ಅರ್ಜಿ ದಿನವೇ ಬರವಣಿಗೇಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.